ಹಳೆಯ ಕಾರುಗಳ ಬಾನೆಟ್ಟಿನೊಳಗಿನ ಸಡಿಲ ವಿದ್ಯುತ್ ಜೋಡಣೆಗಳನ್ನು ಗುರುತಿಸುವ ಬಗ್ಗೆ: ನೋಂದಣಿ ನವೀಕರಣದ ಅರ್ಜಿದಾರರಿಗೆ ಮಾಹಿತಿ

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 41ರ ಮೇರೆಗೆ ಸ್ವಂತ ಬಳಕೆಯ ಕಾರಿನ ನೋಂದಣಿ ಪ್ರಮಾಣಪತ್ರವು ಅದನ್ನು ನೀಡಿದ ದಿನಾಂಕದಿಂದ 15 ವರ್ಷಗಳ ಅವಧಿಗೆ ಸಿಂಧುವಾಗಿರುತ್ತದೆ. ತದನಂತರ ಅದನ್ನು 5 ವರ್ಷಗಳ ಅವಧಿಗೆ ನವೀಕರಿಸಿಕೊಳ್ಳಲು ಅವಕಾಶವಿರುತ್ತದೆ. ಇದಕ್ಕಾಗಿ ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 52ರನ್ವಯ ನಮೂನೆ 25ರಲ್ಲಿ, ಅವಧಿ ಮುಗಿಯುವುದಕ್ಕೆ ಹಿಂದಿನ 60 ದಿನಗಳೊಳಗೆ ಅರ್ಜಿಯನ್ನು ಸಲ್ಲಿಸಿ, ವಾಹನವನ್ನು ತಪಾಸಣೆಗೆ ಹಾಜರುಪಡಿಸತಕ್ಕದ್ದು.

ತಪಾಸಣೆಯ ವೇಳೆ ಹೆಡ್‌ಲೈಟ್ ಮಂಕಾಗಿ ಉರಿಯುವುದು, ಹಾರ್ನ್ ಒಮ್ಮೆ ಮೊಳಗಿ ಮತ್ತೊಮ್ಮೆ ಸುಮ್ಮನಾಗುವುದು, ಇಂಜಿನ್ ನಿಂತಲ್ಲೇ ನಿಂತುಹೋಗುವುದು ಮುಂತಾದ ನ್ಯೂನತೆಗಳು ಕಂಡುಬಂದಲ್ಲಿ ವಾಹನವನ್ನು ಹಿಂದಿರುಗಿಸಬೇಕಾಗುತ್ತದೆ. ಇಂತಹ ಸಂದರ್ಭಗಳಲ್ಲಿ ಅರ್ಜಿದಾರರು ಗಾಬರಿಗೊಂಡು ಬ್ಯಾಟರಿ, ಡೈನಮೋ, ಸೆಲ್ಫ್ ಮೋಟಾರ್ ಮುಂತಾದ ಬೆಲೆಬಾಳುವ ಭಾಗಗಳನ್ನು ಒಂದರ ಮೇಲೊಂದರಂತೆ ಬದಲಾಯಿಸುವುದುಂಟು. ಅನೇಕ ವೇಳೆ ದೋಷವು ಆ ಭಾಗಗಳಲ್ಲಿರದೆ, ಅವುಗಳಿಗೆ ವಿದ್ಯುತ್ತನ್ನು ತಲುಪಿಸುವ ಕನೆಕ್ಟರ್ ಅಥವಾ ಟರ್ಮಿನಲ್ಲಿನ ಸಡಿಲತೆಯಲ್ಲಿ ಇರುತ್ತದೆ. ಸಡಿಲ ಜೋಡಣೆಯು ಹಣದ ನಷ್ಟಕ್ಕೆ ಮಾತ್ರ ಕಾರಣವಾಗುವುದಿಲ್ಲ. ವಾಹನವು ಮೇಲ್ಸೇತುವೆಯ ನಡುವೆ ನಿಲ್ಲುವುದಕ್ಕೂ, ಬಾನೆಟ್ಟಿನೊಳಗೆ ಬೆಂಕಿ ಹತ್ತಿಕೊಳ್ಳುವುದಕ್ಕೂ ಅದು ಕಾರಣವಾಗಬಲ್ಲದು. ಆದುದರಿಂದ ಅರ್ಜಿ ಸಲ್ಲಿಸುವ ಮೊದಲೇ ಈ ಕೆಳಕಂಡಂತೆ ಪರಿಶೀಲಿಸಿಕೊಳ್ಳಲು ಕೋರಲಾಗಿದೆ.

ಸಡಿಲ ಜೋಡಣೆಯ ಸ್ವರೂಪ

ಸಡಿಲ ಜೋಡಣೆ ಎಂದೊಡನೆ ಕಳಚಿ ನೇತಾಡುವ ತಂತಿಯನ್ನು ಊಹಿಸಿಕೊಳ್ಳುವುದು ವಾಡಿಕೆ. ಹಾಗೆ ಕಳಚಿಕೊಂಡ ತಂತಿಯನ್ನು ಯಾರಾದರೂ ಗುರುತಿಸಬಲ್ಲರು. ತೊಂದರೆ ಕೊಡುವುದು ನೋಟಕ್ಕೆ ಸರಿಯಾಗಿಯೇ ಕಾಣುವ ಜೋಡಣೆ. ಇಂಜಿನ್ನಿನ ಶಾಖಕ್ಕೆ ವರ್ಷಗಟ್ಟಲೆ ಒಡ್ಡಿಕೊಂಡ ಪ್ಲಾಸ್ಟಿಕ್ ಕನೆಕ್ಟರಿನ ಲಾಕ್ ಪೆಡಸಾಗಿ ಮುರಿದಿರುತ್ತದೆ. ಒಳಗಿನ ಹೆಣ್ಣು ಟರ್ಮಿನಲ್ಲಿನ ಹಿಡಿತವು ಅಗಲಗೊಂಡು ಪಿನ್ನನ್ನು ಮುಟ್ಟಿಯೂ ಮುಟ್ಟದಂತಿರುತ್ತದೆ. ಪಿನ್ ತನ್ನ ಸ್ಥಾನದಿಂದ ಹಿಂದಕ್ಕೆ ಸರಿದಿರಬಹುದು. ರಬ್ಬರ್ ಸೀಲ್ ಕಳೆದುಹೋಗಿ ತೇವ ಒಳಸೇರಿ ತಾಮ್ರಕ್ಕೆ ಹಸಿರು ಕಿಲುಬು ಹಿಡಿದಿರಬಹುದು. ತಂತಿಯ ಎಳೆಗಳು ಹೊರಗಿನ ಹೊದಿಕೆ ಹರಿಯದೆಯೇ ಒಳಗೊಳಗೆ ತುಂಡಾಗಿರುವುದೂ ಉಂಟು.

ಇಂತಹ ಜೋಡಣೆಯು ಅಲ್ಪ ಪ್ರಮಾಣದ ವಿದ್ಯುತ್ತನ್ನು ತಡೆಯಿಲ್ಲದೆ ಸಾಗಿಸುತ್ತದೆ, ಹೆಚ್ಚಿನ ಹೊರೆ ಬಿದ್ದಾಗ ಸೋಲುತ್ತದೆ. ಉದಾಹರಣೆಗೆ, 60 ವ್ಯಾಟಿನ ಎರಡು ಹೆಡ್‌ಲೈಟ್ ಬಲ್ಬುಗಳು ಸುಮಾರು 10 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತವೆ. ಅವುಗಳ ಮಾರ್ಗದ ಒಂದು ಕನೆಕ್ಟರಿನಲ್ಲಿ ಕೇವಲ 0.1 ಓಮ್‌ನಷ್ಟು ಹೆಚ್ಚುವರಿ ತಡೆ ಉಂಟಾದರೂ ಅಲ್ಲಿಯೇ 1 ವೋಲ್ಟ್ ನಷ್ಟವಾಗುತ್ತದೆ. ಬಲ್ಬಿಗೆ ದೊರೆಯುವ ವೋಲ್ಟೇಜು 12ರಿಂದ 11ಕ್ಕೆ ಇಳಿದಾಗ ಹ್ಯಾಲೊಜನ್ ಬೆಳಕು ಸುಮಾರು ನಾಲ್ಕನೆಯ ಒಂದು ಭಾಗದಷ್ಟು ಕುಗ್ಗುತ್ತದೆ. ಇದೇ ವೇಳೆ ಬೆರಳ ತುದಿಯಷ್ಟಿರುವ ಆ ಕನೆಕ್ಟರಿನೊಳಗೆ 10 ವ್ಯಾಟ್ ಶಾಖ ಉತ್ಪತ್ತಿಯಾಗುತ್ತಿರುತ್ತದೆ. ಶಾಖದಿಂದ ಲೋಹದ ಹಿಡಿತ ಇನ್ನಷ್ಟು ಸಡಿಲಗೊಳ್ಳುತ್ತದೆ, ಸಡಿಲಗೊಂಡಷ್ಟೂ ಶಾಖ ಏರುತ್ತದೆ. ಫ್ಯೂಸ್ ಇದನ್ನು ತಡೆಯುವುದಿಲ್ಲ. ಏಕೆಂದರೆ ಫ್ಯೂಸ್ ಹಾರುವುದು ವಿದ್ಯುತ್ ಪ್ರಮಾಣ ಮಿತಿ ಮೀರಿದಾಗ. ಇಲ್ಲಿ ಮಿತಿ ಮೀರಿರುವುದಿಲ್ಲ.

ಗಮನಿಸಬೇಕಾದ ಲಕ್ಷಣಗಳು

ದೋಷವು ಬಂದುಹೋಗುವ ಸ್ವಭಾವದ್ದಾಗಿದ್ದಲ್ಲಿ ಸಡಿಲ ಜೋಡಣೆಯನ್ನು ಮೊದಲು ಶಂಕಿಸತಕ್ಕದ್ದು. ರಸ್ತೆಯುಬ್ಬು ದಾಟಿದಾಗ ಮಾತ್ರ ಇಂಜಿನ್ ಎಳೆದಂತಾಗುವುದು. ಬೆಳಿಗ್ಗೆ ಸರಿಯಿದ್ದು, ಅರ್ಧ ಗಂಟೆ ಓಡಿದ ಮೇಲೆ ಕೆಡುವುದು. ಮಳೆಗಾಲದಲ್ಲಿ ಅಥವಾ ವಾಟರ್ ಸರ್ವಿಸ್ ಮಾಡಿಸಿದ ಮರುದಿನ ತೊಂದರೆ ಕಾಣಿಸಿಕೊಳ್ಳುವುದು. ಕೀ ತಿರುಗಿಸಿದಾಗ ಸೆಲ್ಫ್ ಟಕ್ ಎಂದು ಸದ್ದು ಮಾಡಿ ಸುಮ್ಮನಾಗಿ, ಎರಡನೆಯ ಅಥವಾ ಮೂರನೆಯ ಬಾರಿಗೆ ತಿರುಗುವುದು. ಇಂಡಿಕೇಟರ್ ಹಾಕಿದಾಗ ಹೆಡ್‌ಲೈಟ್ ಕೂಡ ಅದರ ತಾಳಕ್ಕೆ ಮಿನುಗುವುದು. ಕೊನೆಯ ಲಕ್ಷಣವು ಬಹುತೇಕ ಅರ್ತ್ ತಂತಿಯ ದೋಷವನ್ನೇ ಸೂಚಿಸುತ್ತದೆ.

ಕಾರಿದ್ದ ಸ್ಥಳವನ್ನೂ ಗಣನೆಗೆ ತೆಗೆದುಕೊಳ್ಳುವುದು ಸೂಕ್ತ. ಮಂಗಳೂರು, ಉಡುಪಿ, ಕಾರವಾರದಂತಹ ಕರಾವಳಿ ಪ್ರದೇಶಗಳಲ್ಲಿ ಉಪ್ಪಿನಂಶದ ಗಾಳಿ ಹಾಗೂ ದೀರ್ಘ ಮಳೆಗಾಲದಿಂದ ಕಿಲುಬು ಬೇಗ ಹಿಡಿಯುತ್ತದೆ. ರಾಯಚೂರು, ಕಲಬುರಗಿ, ಬಳ್ಳಾರಿ ಕಡೆಯ ಬಿಸಿಲಿನಲ್ಲಿ ಪ್ಲಾಸ್ಟಿಕ್ ಲಾಕುಗಳು ಮತ್ತು ತಂತಿಯ ಹೊದಿಕೆಗಳು ಒಣಗಿ ಬಿರಿಯುತ್ತವೆ. ತಿಂಗಳುಗಟ್ಟಲೆ ನಿಲ್ಲಿಸಿಟ್ಟ ಕಾರಾಗಿದ್ದಲ್ಲಿ, ಊರು ಯಾವುದೇ ಇರಲಿ, ಇಲಿಯನ್ನು ಮರೆಯುವಂತಿಲ್ಲ.

ಪರಿಶೀಲನೆಗೆ ಮುನ್ನ

ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗೇರನ್ನು ನ್ಯೂಟ್ರಲ್‌ನಲ್ಲಿರಿಸಿ, ಇಂಜಿನ್ ತಣಿಯಲು ಬಿಡತಕ್ಕದ್ದು. ಉಂಗುರ, ಲೋಹದ ಕೈಗಡಿಯಾರ, ಬಳೆಗಳನ್ನು ತೆಗೆದಿರಿಸಬೇಕು. ಬ್ಯಾಟರಿಯ ಎರಡು ಧ್ರುವಗಳ ನಡುವೆ ಸಿಲುಕಿದ ಉಂಗುರವು ಕ್ಷಣಮಾತ್ರದಲ್ಲಿ ಬೆರಳನ್ನು ಸುಡುತ್ತದೆ. ರೇಡಿಯೇಟರ್ ಫ್ಯಾನ್ ಕೆಲವು ಕಾರುಗಳಲ್ಲಿ ಕೀ ತೆಗೆದ ನಂತರವೂ ತಾನಾಗಿ ತಿರುಗಬಹುದಾದ್ದರಿಂದ ಅದರ ಬಳಿ ಕೈ ಇಡಬಾರದು. ಸ್ಪಾರ್ಕ್ ಪ್ಲಗ್ಗಿಗೆ ಹೋಗುವ ದಪ್ಪ ತಂತಿಗಳಲ್ಲಿ ಇಂಜಿನ್ ಚಾಲನೆಯಲ್ಲಿದ್ದಾಗ ಸಾವಿರಾರು ವೋಲ್ಟ್ ವಿದ್ಯುತ್ ಇರುತ್ತದೆ. ಅವುಗಳನ್ನು ಆ ಸಮಯದಲ್ಲಿ ಮುಟ್ಟತಕ್ಕದ್ದಲ್ಲ. ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಹಳದಿ ಬಣ್ಣದ ಕನೆಕ್ಟರುಗಳನ್ನು ಅಧಿಕೃತ ಸೇವಾ ಕೇಂದ್ರದವರಿಗೇ ಬಿಡುವುದು.

ನೋಡಿ ಮತ್ತು ಅಲುಗಾಡಿಸಿ ಗುರುತಿಸುವುದು

ಮೊದಲು ಯಾವುದನ್ನೂ ಮುಟ್ಟದೆ, ಟಾರ್ಚ್ ಬೆಳಕಿನಲ್ಲಿ ಬ್ಯಾಟರಿಯಿಂದ ಆರಂಭಿಸಿ ಪ್ರತಿಯೊಂದು ತಂತಿಯ ಜಾಡನ್ನು ಕಣ್ಣಿನಿಂದ ಅನುಸರಿಸುವುದು. ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿರುವುದು, ಕರಗಿ ಆಕಾರ ಕೆಟ್ಟಿರುವುದು, ತಂತಿಯ ತುದಿಯಲ್ಲಿ ಹೊದಿಕೆ ಪೆಡಸಾಗಿರುವುದು ಶಾಖದ ಗುರುತುಗಳು. ಬಿಳಿ ಅಥವಾ ಹಸಿರು ಪುಡಿಯು ತೇವದ ಮತ್ತು ಆಮ್ಲದ ಗುರುತು. ಟೇಪ್ ಸುತ್ತಿದ ಜಾಗವನ್ನು ವಿಶೇಷವಾಗಿ ಗಮನಿಸುವುದು. ಕಾರ್ಖಾನೆಯಲ್ಲಿ ಟೇಪನ್ನು ತಂತಿಗಳ ಕಟ್ಟಿಗೆ ಉದ್ದಕ್ಕೂ ಸುತ್ತಿರುತ್ತಾರೆ; ನಡುವೆ ಒಂದೆಡೆ ಉಬ್ಬಿಕೊಂಡಂತೆ ಸುತ್ತಿದ್ದರೆ ಅಲ್ಲಿ ಹಿಂದೆಂದೋ ಯಾರೋ ತಂತಿಯನ್ನು ಸಿಗಿದು ಮತ್ತೊಂದನ್ನು ಹೆಣೆದಿದ್ದಾರೆಂದು ತಿಳಿಯಬೇಕು. ಫಾಗ್ ಲ್ಯಾಂಪ್, ಜೋಡಿ ಹಾರ್ನ್, ಕಳ್ಳತನದ ಅಲಾರಂ ಇವುಗಳನ್ನು ನಂತರ ಅಳವಡಿಸಿಕೊಂಡ ಕಾರುಗಳಲ್ಲಿ ಇಂತಹ ಹೆಣಿಗೆಗಳು ಹೆಚ್ಚು, ಮತ್ತು ದೋಷವು ಅಲ್ಲಿಯೇ ಅಡಗಿರುವ ಸಾಧ್ಯತೆಯೂ ಹೆಚ್ಚು.

ನಂತರ ಕೀ ತೆಗೆದಿರುವಾಗ ಪ್ರತಿ ಕನೆಕ್ಟರನ್ನೂ ಬೆರಳುಗಳಿಂದ ಹಿಡಿದು ಒಳಮುಖವಾಗಿ ಒತ್ತುವುದು. ಸರಿಯಾಗಿ ಕೂತಿರುವ ಕನೆಕ್ಟರ್ ಅಲುಗುವುದಿಲ್ಲ. ಒತ್ತಿದಾಗ ಟಿಕ್ ಎಂಬ ಸದ್ದು ಬಂದಲ್ಲಿ ಅದು ಅಲ್ಲಿಯವರೆಗೆ ಪೂರ್ತಿ ಕೂತಿರಲಿಲ್ಲವೆಂದೇ ಅರ್ಥ. ಲಾಕನ್ನು ಒತ್ತದೆ ನಿಧಾನವಾಗಿ ಹಿಂದಕ್ಕೆ ಎಳೆದಾಗ ಕೈಗೆ ಬಂದರೆ ಲಾಕ್ ಮುರಿದಿದೆ. ಎಳೆಯುವಾಗ ಕನೆಕ್ಟರಿನ ದೇಹವನ್ನೇ ಹಿಡಿಯಬೇಕು. ತಂತಿಯನ್ನು ಹಿಡಿದು ಎಳೆದರೆ ಇದ್ದ ಜೋಡಣೆಯೂ ಕೆಡುತ್ತದೆ.

ಮೂರನೆಯದಾಗಿ ಇಂಜಿನ್ನನ್ನು ಚಾಲನೆ ಮಾಡಿ, ಹೆಡ್‌ಲೈಟ್ ಹಾಗೂ ಬ್ಲೋವರ್ ಹಾಕಿ, ಬೆಲ್ಟ್ ಮತ್ತು ಫ್ಯಾನಿನಿಂದ ದೂರವಿರುವ ತಂತಿಗಳನ್ನು ಮಾತ್ರ, ಕನೆಕ್ಟರಿನಿಂದ ಸ್ವಲ್ಪ ಹಿಂದೆ ಹಿಡಿದು ಒಂದೊಂದಾಗಿ ಮೆಲ್ಲನೆ ಅಲುಗಾಡಿಸುವುದು. ಇಂಜಿನ್ನಿನ ಸದ್ದು ಬದಲಾದ ಅಥವಾ ಬೆಳಕು ಮಿನುಗಿದ ಕ್ಷಣದಲ್ಲಿ ಕೈಯಲ್ಲಿದ್ದ ತಂತಿಯ ಮೇಲೆ ಚಾಕ್‌ಪೀಸಿನಿಂದ ಗುರುತು ಹಾಕಿ ಮುಂದುವರಿಯಬೇಕು. ಒಂದು ದೋಷ ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಬಾರದು. 15 ವರ್ಷ ಒಂದೇ ಶಾಖದಲ್ಲಿ ಬೆಂದ ಕನೆಕ್ಟರುಗಳ ಪೈಕಿ ಒಂದು ಸಡಿಲಗೊಂಡಿದ್ದರೆ ಅದರ ನೆರೆಯದೂ ಹಾಗೆಯೇ ಇರುವ ಸಂಭವವಿದೆ. ತಣ್ಣಗಿರುವಾಗ ಏನೂ ಕಾಣದಿದ್ದಲ್ಲಿ, ಕಾರನ್ನು ಅರ್ಧ ಗಂಟೆ ಓಡಿಸಿದ ಮೇಲೆ ಇದೇ ಪರೀಕ್ಷೆಯನ್ನು ಪುನರಾವರ್ತಿಸುವುದು. ಬಿಸಿ ಭಾಗಗಳಿಂದ ಕೈ ಸುಡದಂತೆ ಎಚ್ಚರ ವಹಿಸತಕ್ಕದ್ದು.

ಬ್ಯಾಟರಿ ಟರ್ಮಿನಲ್ ಮತ್ತು ಅರ್ತ್ ತಂತಿ

ಸಮಯದ ಅಭಾವವಿರುವ ಅರ್ಜಿದಾರರು ಈ ಒಂದು ಭಾಗವನ್ನಾದರೂ ಪರಿಶೀಲಿಸುವುದು ಅಗತ್ಯ. ಬ್ಯಾಟರಿಯ ಸೀಸದ ಕಂಬಕ್ಕೆ ಬಿಗಿದ ಕ್ಲಾಂಪನ್ನು ಬರಿಗೈಯಿಂದ ತಿರುಗಿಸಲು ಪ್ರಯತ್ನಿಸಿದಾಗ ಅದು ಕಿಂಚಿತ್ತೂ ತಿರುಗಬಾರದು. ನಟ್ ಪೂರ್ತಿ ಬಿಗಿದರೂ ಕ್ಲಾಂಪ್ ತಿರುಗುತ್ತಿದ್ದರೆ ಕ್ಲಾಂಪ್ ಹಿಗ್ಗಿದೆ ಎಂದರ್ಥ. ಅದನ್ನು ಬದಲಾಯಿಸುವುದು ಸರಿಯಾದ ಕ್ರಮ; ನಡುವೆ ತಗಡಿನ ಚೂರು ತುರುಕುವುದಲ್ಲ.

ಅರ್ತ್ ತಂತಿಯು ಬ್ಯಾಟರಿಯಿಂದ ಕಾರಿನ ದೇಹಕ್ಕೂ ಇಂಜಿನ್ ಅಥವಾ ಗೇರ್‌ಬಾಕ್ಸಿಗೂ ಜೋಡಣೆಯಾಗಿರುತ್ತದೆ. ಇಂಜಿನ್ ರಬ್ಬರ್ ಮೌಂಟಿಂಗ್‌ಗಳ ಮೇಲೆ ಕೂತಿರುವುದರಿಂದ, ಈ ತಂತಿಯ ಹೊರತು ಅದಕ್ಕೆ ದೇಹದೊಂದಿಗೆ ನಂಬಬಹುದಾದ ವಿದ್ಯುತ್ ಸಂಪರ್ಕವಿರುವುದಿಲ್ಲ. ಕ್ಲಚ್ ಪ್ಲೇಟ್ ಬದಲಾವಣೆಯಂತಹ ಕೆಲಸಕ್ಕೆ ಗೇರ್‌ಬಾಕ್ಸ್ ಇಳಿಸಿದಾಗ ಈ ತಂತಿಯನ್ನು ಬಿಚ್ಚಬೇಕಾಗುತ್ತದೆ. ಮರುಜೋಡಣೆಯಲ್ಲಿ ಅದು ಸಡಿಲವಾಗಿ ಉಳಿಯುವುದು, ಕೆಲವೊಮ್ಮೆ ಮರೆತೇಹೋಗುವುದು ಅಪರೂಪವಲ್ಲ. ಆಗ ಸೆಲ್ಫ್ ಮೋಟಾರಿಗೆ ಬೇಕಾದ ನೂರಕ್ಕೂ ಮಿಗಿಲಾದ ಆಂಪಿಯರ್ ವಿದ್ಯುತ್ ಬೇರೆ ದಾರಿ ಹುಡುಕಿಕೊಂಡು ಆಕ್ಸಿಲರೇಟರ್ ಅಥವಾ ಕ್ಲಚ್ ಕೇಬಲ್ಲಿನ ಮೂಲಕ ಹಾಯುತ್ತದೆ. ಸ್ಟಾರ್ಟ್ ಮಾಡಿದ ನಂತರ ಆಕ್ಸಿಲರೇಟರ್ ಕೇಬಲ್ ಬಿಸಿಯಾಗಿರುವುದು, ಪದೇ ಪದೇ ಕೇಬಲ್ ಬಿಗಿಯಾಗುವುದು ಅಥವಾ ತುಂಡಾಗುವುದು ಕಂಡುಬಂದಲ್ಲಿ ಕೇಬಲ್ಲನ್ನು ದೂರದೆ ಅರ್ತ್ ತಂತಿಯನ್ನು ನೋಡತಕ್ಕದ್ದು. ಅರ್ತ್ ಬೋಲ್ಟಿನ ಕೆಳಗೆ ಪೇಂಟ್, ತುಕ್ಕು ಅಥವಾ ಅಂಡರ್‌ಕೋಟಿಂಗ್ ಇರಕೂಡದು. ಲೋಹಕ್ಕೆ ಲೋಹ ತಾಗಿರಬೇಕು.

ಟರ್ಮಿನಲ್ ಬಿಚ್ಚುವಾಗ ಅರ್ತ್ ಆಗಿರುವ ಧ್ರುವವನ್ನು, ಅಂದರೆ ಇಂದಿನ ಕಾರುಗಳಲ್ಲಿ ಋಣಧ್ರುವವನ್ನು, ಮೊದಲು ಬಿಚ್ಚಿ ಕೊನೆಯಲ್ಲಿ ಜೋಡಿಸಬೇಕು. ಬಹಳ ಹಳೆಯ ಕೆಲವು ಕಾರುಗಳಲ್ಲಿ ಧನಧ್ರುವವನ್ನು ಅರ್ತ್ ಮಾಡಿರುವುದುಂಟು; ಅವುಗಳ ಮಾಲೀಕರು ತಂತಿಯ ಜಾಡನ್ನು ನೋಡಿ ಖಚಿತಪಡಿಸಿಕೊಳ್ಳುವುದು. ಬಿಳಿ ಪುಡಿಯನ್ನು ಅಡಿಗೆ ಸೋಡಾ ಕರಗಿಸಿದ ಬಿಸಿನೀರಿನಿಂದ ತೊಳೆದು, ಒರೆಸಿ, ಬಿಗಿದ ನಂತರ ಮೇಲ್ಮೈಗೆ ಪೆಟ್ರೋಲಿಯಂ ಜೆಲ್ಲಿ ಸವರುವುದು. ಸೋಡಾ ನೀರು ಬ್ಯಾಟರಿಯ ಒಳಕ್ಕೆ ಹೋಗದಂತೆ ಮುಚ್ಚಳಗಳನ್ನು ಭದ್ರಪಡಿಸಿರಬೇಕು.

ಮಲ್ಟಿಮೀಟರಿನಿಂದ ಖಚಿತಪಡಿಸಿಕೊಳ್ಳುವುದು

ತಂತಿಯು ಸರಿಯಿದೆಯೇ ಎಂದು ತಿಳಿಯಲು ಮೀಟರನ್ನು ಓಮ್ ಅಥವಾ ಬೀಪ್ ಸ್ಥಾನದಲ್ಲಿಟ್ಟು ನೋಡುವುದು ರೂಢಿ. ಹಳೆಯ ಕಾರಿನ ವಿಷಯದಲ್ಲಿ ಈ ವಿಧಾನವು ದಾರಿ ತಪ್ಪಿಸುತ್ತದೆ. ಹತ್ತಾರು ಎಳೆಗಳ ತಂತಿಯಲ್ಲಿ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ ಬೀಪ್ ಎನ್ನುತ್ತದೆ. ಸೆಲ್ಫ್ ತಿರುಗಿಸಲು ಆ ಒಂದು ಎಳೆ ಸಾಲದು. ಮೇಲೆ ತಿಳಿಸಿದ 0.1 ಓಮ್‌ನಷ್ಟು ತಡೆಯನ್ನು ಸಾಮಾನ್ಯ ಮೀಟರ್ ನಂಬಲರ್ಹವಾಗಿ ಅಳೆಯುವುದೂ ಇಲ್ಲ. ಆದ್ದರಿಂದ ವಿದ್ಯುತ್ ಹರಿಯುತ್ತಿರುವಾಗಲೇ ಜೋಡಣೆಯ ಎರಡು ಬದಿಗಳ ನಡುವಿನ ವೋಲ್ಟೇಜ್ ನಷ್ಟವನ್ನು ಅಳೆಯತಕ್ಕದ್ದು.

ಮೀಟರನ್ನು ಡಿ.ಸಿ. ವೋಲ್ಟಿನಲ್ಲಿಟ್ಟು, ಒಂದು ಕಡ್ಡಿಯನ್ನು ಬ್ಯಾಟರಿಯ ಧನಧ್ರುವದ ಸೀಸದ ಕಂಬದ ಮೇಲೆಯೇ (ಕ್ಲಾಂಪಿನ ಮೇಲಲ್ಲ) ಇರಿಸಿ, ಇನ್ನೊಂದನ್ನು ಸೆಲ್ಫ್ ಮೋಟಾರಿನ ದಪ್ಪ ತಂತಿಯ ಬೋಲ್ಟಿಗೆ ತಾಗಿಸಿ, ಮತ್ತೊಬ್ಬರಿಂದ ಎರಡು ಮೂರು ಸೆಕೆಂಡು ಸೆಲ್ಫ್ ಹೊಡೆಸುವುದು. ಮೀಟರ್ 0.5 ವೋಲ್ಟಿಗಿಂತ ಹೆಚ್ಚು ತೋರಿದಲ್ಲಿ ಆ ಮಾರ್ಗದಲ್ಲಿ ದೋಷವಿದೆ. ಅನಂತರ ಕಡ್ಡಿಯನ್ನು ಹಂತ ಹಂತವಾಗಿ ಹತ್ತಿರಕ್ಕೆ ತರುತ್ತಾ ಹೋದಂತೆ (ಕಂಬದಿಂದ ಕ್ಲಾಂಪಿಗೆ, ಕ್ಲಾಂಪಿನಿಂದ ತಂತಿಯ ತುದಿಗೆ) ನಷ್ಟವು ಎಲ್ಲಿ ದಿಢೀರನೆ ಕಾಣೆಯಾಗುತ್ತದೆಯೋ, ಆಗತಾನೆ ದಾಟಿಬಂದ ಜೋಡಣೆಯೇ ದೋಷದ ಸ್ಥಳ. ಇದೇ ರೀತಿ ಋಣಧ್ರುವದ ಕಂಬದಿಂದ ಇಂಜಿನ್ನಿನ ಸ್ವಚ್ಛ ಲೋಹಕ್ಕೆ ಅಳೆದಾಗ ನಷ್ಟವು 0.2 ವೋಲ್ಟಿನ ಆಸುಪಾಸಿನಲ್ಲಿರಬೇಕು. ಹೆಡ್‌ಲೈಟಿನಂತಹ ಸಣ್ಣ ಮಾರ್ಗಗಳ ಒಂದೊಂದು ಕನೆಕ್ಟರಿಗೆ 0.1 ವೋಲ್ಟಿಗಿಂತ ಹೆಚ್ಚಿನ ನಷ್ಟ ಸಲ್ಲದು.

ಇಂಜಿನ್ ಬಂದ್ ಆಗಿ ಕೆಲವು ಗಂಟೆ ಕಳೆದ ಮೇಲೆ ಪೂರ್ಣ ಚಾರ್ಜ್ ಆದ ಬ್ಯಾಟರಿಯು ಸುಮಾರು 12.6 ವೋಲ್ಟ್ ತೋರುತ್ತದೆ. ಇಂಜಿನ್ ಓಡುತ್ತಿರುವಾಗ ಬ್ಯಾಟರಿಯ ಮೇಲೆ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರಬೇಕು. ಡೈನಮೋದ ಬೋಲ್ಟಿನಲ್ಲಿ 14.3 ಇದ್ದು ಬ್ಯಾಟರಿಯಲ್ಲಿ 13.4 ಮಾತ್ರ ಇದ್ದರೆ ಡೈನಮೋ ಸರಿಯಾಗಿಯೇ ಇದೆ, 0.9 ವೋಲ್ಟ್ ದಾರಿಯಲ್ಲಿ ನಷ್ಟವಾಗುತ್ತಿದೆ. ಡೈನಮೋ ಪರೀಕ್ಷಿಸಲೆಂದು ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಟರ್ಮಿನಲ್ ಬಿಚ್ಚುವ ಪದ್ಧತಿಯೊಂದು ಇನ್ನೂ ಕೆಲವೆಡೆ ಬಳಕೆಯಲ್ಲಿದೆ. ಇದರಿಂದ ಡೈನಮೋದ ಡಯೋಡುಗಳು ಹಾಗೂ ಇಂಜಿನ್ ನಿಯಂತ್ರಣ ಘಟಕ ಹಾಳಾಗಬಹುದಾದ್ದರಿಂದ ಯಾರಿಗೂ ಹಾಗೆ ಮಾಡಲು ಅವಕಾಶ ಕೊಡಬಾರದು.

ಇಂಧನ ಇಂಜೆಕ್ಷನ್ ಇರುವ ಕಾರುಗಳು

ಕಾರ್ಬುರೇಟರ್ ಇರುವ ಹಳೆಯ ಮಾರುತಿ 800, ಅಂಬಾಸಿಡರ್ ಮುಂತಾದವುಗಳಲ್ಲಿ ಇಗ್ನಿಷನ್ ಕಾಯಿಲ್ ಮತ್ತು ಡಿಸ್ಟ್ರಿಬ್ಯೂಟರಿನ ತಂತಿಗಳನ್ನು ನೋಡಿದರೆ ಬಹುಮಟ್ಟಿಗೆ ಸಾಕು. ಇಂಜೆಕ್ಷನ್ ಇಂಜಿನ್ನಿನಲ್ಲಿ ಸೆನ್ಸರುಗಳ ಕನೆಕ್ಟರುಗಳೂ ಸೇರುತ್ತವೆ. ಕ್ರ್ಯಾಂಕ್ ಸೆನ್ಸರಿನ ಕನೆಕ್ಟರ್ ಸಡಿಲಗೊಂಡಲ್ಲಿ ಓಡುತ್ತಿರುವ ಇಂಜಿನ್ ಮುನ್ಸೂಚನೆಯಿಲ್ಲದೆ ನಿಲ್ಲುತ್ತದೆ. ನೀರಿನ ತಾಪಮಾನದ ಸೆನ್ಸರ್ ಸಂಪರ್ಕ ಕಳೆದುಕೊಂಡರೆ ಇಂಜಿನ್ ಇನ್ನೂ ತಣ್ಣಗಿದೆಯೆಂಬ ಸಂಕೇತ ಹೋಗಿ, ಪೆಟ್ರೋಲ್ ಅಗತ್ಯಕ್ಕಿಂತ ಹೆಚ್ಚಾಗಿ ಸುರಿದು ಹೊಗೆ ಕಪ್ಪಾಗಬಹುದು. ಇದರ ನೇರ ಪರಿಣಾಮ ವಾಯುಮಾಲಿನ್ಯ ತಪಾಸಣೆಯ ಮೇಲಾಗುತ್ತದೆ. ಭಾರತ್ ಸ್ಟೇಜ್ 2 ಮತ್ತು 3ರ ಪೆಟ್ರೋಲ್ ಕಾರುಗಳಿಗೆ ನಿಗದಿಯಾದ ಕಾರ್ಬನ್ ಮಾನಾಕ್ಸೈಡ್ ಮಿತಿಯು ಶೇ. 0.5 ಮಾತ್ರವಾಗಿದ್ದು, ಒಂದು ಸಡಿಲ ಕನೆಕ್ಟರ್ ಇದನ್ನು ಮೀರಿಸಲು ಸಾಕು. ಎಮಿಷನ್ ಟೆಸ್ಟಿನಲ್ಲಿ ವಿಫಲವಾದ ಕೂಡಲೇ ಸೈಲೆನ್ಸರಿನ ಕನ್ವರ್ಟರನ್ನು ಬದಲಾಯಿಸಲು ಮುಂದಾಗದಿರುವುದು ಲೇಸು. ಸೆನ್ಸರ್ ತಂತಿಗಳ ಮೇಲೆ ಬಲ್ಬ್ ಇರುವ ಟೆಸ್ಟ್ ಲ್ಯಾಂಪ್ ಬಳಸಕೂಡದು, ತಂತಿಯ ಹೊದಿಕೆಯನ್ನು ಸೂಜಿಯಿಂದ ಚುಚ್ಚಲೂಕೂಡದು. ಚುಚ್ಚಿದ ರಂಧ್ರವು ಮುಂದಿನ ಮಳೆಗಾಲದ ಕಿಲುಬಿಗೆ ದಾರಿಯಾಗುತ್ತದೆ.

ಸರಿಪಡಿಸುವಾಗ

ಕಿಲುಬನ್ನು ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ತೆಗೆಯಬೇಕು. ಪೆಟ್ರೋಲ್ ಬಳಸಕೂಡದು. ಪಿನ್ನುಗಳನ್ನು ಮರಳು ಕಾಗದದಿಂದ ಉಜ್ಜಿದರೆ ಅವುಗಳ ಮೇಲಿನ ತವರದ ಲೇಪನ ಹೋಗಿ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ. ಕರಗಿದ ಕನೆಕ್ಟರನ್ನು ತಂತಿಯ ತುಂಡಿನ ಸಮೇತ ಬದಲಾಯಿಸಬೇಕು, ಏಕೆಂದರೆ ಶಾಖ ತಾಗಿದ ತಾಮ್ರವೂ ಕಪ್ಪಾಗಿ ಕೆಟ್ಟಿರುತ್ತದೆ. ಹಾರಿದ ಫ್ಯೂಸಿನ ಬದಲಿಗೆ ಹೆಚ್ಚಿನ ಆಂಪಿಯರಿನ ಫ್ಯೂಸನ್ನೋ, ಸಿಗರೇಟು ಪೊಟ್ಟಣದ ಹಾಳೆಯನ್ನೋ ಹಾಕುವುದು ಅಪಾಯಕಾರಿ. ತಪಾಸಣೆಯಲ್ಲಿ ಹಾಗೆ ಕಂಡುಬಂದಲ್ಲಿ ಅದನ್ನು ನ್ಯೂನತೆಯೆಂದೇ ಭಾವಿಸಲು ಕಾರಣವಾಗುತ್ತದೆ.

ಎಲ್‌ಪಿಜಿ ಅಥವಾ ಸಿಎನ್‌ಜಿ ಕಿಟ್ ಅಳವಡಿಸಿದ ಕಾರುಗಳಲ್ಲಿ ಕಿಟ್‌ನ ತಂತಿಗಳನ್ನು ಮೂಲ ತಂತಿಗಳಿಗೆ ಹಲವೆಡೆ ಜೋಡಿಸಿರುತ್ತಾರೆ. ಬಾನೆಟ್ ತೆರೆದಾಗ ಅನಿಲದ ವಾಸನೆ ಬಂದಲ್ಲಿ ಯಾವುದೇ ಸ್ವಿಚ್ಚನ್ನಾಗಲಿ ಕನೆಕ್ಟರನ್ನಾಗಲಿ ಮುಟ್ಟದೆ, ಸಿಲಿಂಡರಿನ ವಾಲ್ವ್ ಮುಚ್ಚಿ, ಕಾರಿನಿಂದ ದೂರ ಸರಿದು ಕಿಟ್ ಅಳವಡಿಸಿದ ಅಧಿಕೃತರನ್ನು ಕರೆಸತಕ್ಕದ್ದು.

ತಪಾಸಣೆಯ ದಿನ

ಬ್ಯಾಟರಿ ಬಿಚ್ಚಿ ಮಾಡುವ ಕೆಲಸವನ್ನು ತಪಾಸಣೆಗೆ ಎರಡು ಮೂರು ದಿನ ಮೊದಲೇ ಮುಗಿಸಿಕೊಳ್ಳುವುದು ಒಳಿತು. ಇಂಜೆಕ್ಷನ್ ಕಾರುಗಳ ನಿಯಂತ್ರಣ ಘಟಕವು ತಾನು ಕಲಿತಿದ್ದ ಹೊಂದಾಣಿಕೆಗಳನ್ನು ಮರೆತು, ಕೆಲವು ಕಿಲೋಮೀಟರ್ ಓಡುವವರೆಗೆ ಐಡ್ಲಿಂಗ್ ಏರುಪೇರಾಗುವುದುಂಟು. ಕೆಲವು ಸ್ಟೀರಿಯೋಗಳು ಕೋಡ್ ಕೇಳುತ್ತವೆ. ಅದೇ ದಿನ ಬೆಳಿಗ್ಗೆ ಬಾನೆಟ್ಟಿನೊಳಗೆ ನೀರು ಹಾಯಿಸಿ ತೊಳೆಸುವುದನ್ನೂ ತಪ್ಪಿಸುವುದು.

ಕೆಲಸವನ್ನು ಆಟೋ ಎಲೆಕ್ಟ್ರಿಷಿಯನ್‌ಗೆ ವಹಿಸುವ ಅರ್ಜಿದಾರರು, "ಲೈಟ್ ಸರಿಯಿಲ್ಲ" ಎಂದಷ್ಟೇ ಹೇಳದೆ, ದೋಷವು ಯಾವಾಗ, ಎಷ್ಟು ದೂರ ಓಡಿದ ಮೇಲೆ, ಯಾವ ಸ್ವಿಚ್ ಹಾಕಿದಾಗ ಕಾಣಿಸಿಕೊಳ್ಳುತ್ತದೆಂದು ಬರೆದುಕೊಂಡು ಹೋಗಿ ತಿಳಿಸುವುದು. ಭಾಗವನ್ನು ಬದಲಾಯಿಸಲು ಸಲಹೆ ನೀಡಿದಲ್ಲಿ, ಅದಕ್ಕೆ ಮುನ್ನ ವೋಲ್ಟೇಜ್ ನಷ್ಟವನ್ನು ಅಳೆದು ತೋರಿಸುವಂತೆ ಕೇಳಬಹುದಾಗಿದೆ. ತಪಾಸಣೆಯಲ್ಲಿ ನ್ಯೂನತೆ ಕಂಡುಬಂದರೆ ಅದು ಯಾವುದೆಂಬುದನ್ನು ಮೋಟಾರು ವಾಹನ ನಿರೀಕ್ಷಕರಿಂದ ಸ್ಪಷ್ಟವಾಗಿ ತಿಳಿದುಕೊಂಡು, ಸರಿಪಡಿಸಿದ ನಂತರ ವಾಹನವನ್ನು ಪುನಃ ಹಾಜರುಪಡಿಸತಕ್ಕದ್ದು.